ನಾಲ್ಕೂವರೆ ಗ್ರಾಂನ ಬಿಳಿ ಪುಡಿ: ಪಿಪರಾಸಿಲಿನ್–ಟ್ಯಾಜೊಬ್ಯಾಕ್ಟಮ್ ಚುಚ್ಚುಮದ್ದು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು

ಕರಾವಳಿಯ ಒಂದು ಮಧ್ಯಮ ಗಾತ್ರದ ಆಸ್ಪತ್ರೆಯಲ್ಲಿ ಹಲವು ವರ್ಷಗಳಿಂದ ವೈದ್ಯನಾಗಿರುವ ನನ್ನ ಕಿವಿಗೆ ದಿನಕ್ಕೊಮ್ಮೆಯಾದರೂ ಬೀಳುವ ಮಾತೆಂದರೆ "ಸದ್ಯಕ್ಕೆ ಪಿಪ್‌ಟಾಜ್ ಹಾಕಿರಿ, ಆಮೇಲೆ ನೋಡೋಣ" ಎಂಬುದು. ಪಿಪ್‌ಟಾಜ್ ಎಂದರೆ ಪಿಪರಾಸಿಲಿನ್–ಟ್ಯಾಜೊಬ್ಯಾಕ್ಟಮ್ ಎಂಬ ಪ್ರತಿಜೀವಕ ಜೋಡಿಯ ಮೊಟಕು ಹೆಸರು. ಜ್ವರದಿಂದ ನಡುಗುತ್ತಾ ಬಂದ ಸಕ್ಕರೆ ಕಾಯಿಲೆಯವರಿಗೂ ಅದೇ, ಶಸ್ತ್ರಚಿಕಿತ್ಸೆಯಾದ ಐದನೆಯ ದಿನ ಹೊಟ್ಟೆ ಉಬ್ಬರಿಸಿಕೊಂಡವರಿಗೂ ಅದೇ, ಕಾಲಿನ ಹುಣ್ಣು ಕಪ್ಪಗಾಗಿ ವಾಸನೆ ಬರುತ್ತಿರುವವರಿಗೂ ಅದೇ. ಔಷಧದ ಅಂಗಡಿಗೆ ಚೀಟಿ ಹಿಡಿದು ಓಡುವ ಮನೆಯವರಿಗಂತೂ ಈ ಹೆಸರು ಬಿಲ್ಲಿನ ಮೂಲಕ ಚೆನ್ನಾಗಿಯೇ ಪರಿಚಯವಾಗಿರುತ್ತದೆ. ಇಷ್ಟು ಧಾರಾಳವಾಗಿ ಬಳಕೆಯಾಗುವ ಒಂದು ಮದ್ದಿನ ಗುಣದೋಷಗಳನ್ನು, ಬಳಸುವವನ ಕಣ್ಣಿನಿಂದಲೇ, ಕನ್ನಡದಲ್ಲಿ ಒಮ್ಮೆ ತೂಗಿ ನೋಡಬೇಕೆನ್ನಿಸಿ ಇದನ್ನು ಬರೆಯುತ್ತಿದ್ದೇನೆ. ಯಾವುದೋ ಒಂದು ಕಂಪನಿಯ ಸರಕನ್ನು ಹೊಗಳುವ ಅಥವಾ ತೆಗಳುವ ಉದ್ದೇಶ ನನಗಿಲ್ಲ. ಹತ್ತಾರು ಹೆಸರುಗಳಲ್ಲಿ ಸಿಗುವ ಒಂದೇ ಸಂಯೋಜನೆಯ ಮಾತಿದು.

ವಯಲ್‌ನಲ್ಲಿ ಇರುವುದು 4 ಗ್ರಾಂ ಪಿಪರಾಸಿಲಿನ್ ಮತ್ತು ಅರ್ಧ ಗ್ರಾಂ ಟ್ಯಾಜೊಬ್ಯಾಕ್ಟಮ್. ಮೊದಲನೆಯದು ಕೊಲ್ಲುವ ಕೆಲಸ ಮಾಡುತ್ತದೆ, ಎರಡನೆಯದು ಅದನ್ನು ಕಾಯುವ ಕೆಲಸ ಮಾಡುತ್ತದೆ. ಈ ಕಾವಲುಗಾರ ಏಕೆ ಬೇಕಾಯಿತು ಎಂಬುದು ತಿಳಿದರೆ ಮದ್ದಿನ ಶಕ್ತಿಯೂ ಮಿತಿಯೂ ಒಟ್ಟಿಗೇ ಅರ್ಥವಾಗುತ್ತವೆ.

ಇಲ್ಲಿ ಒಂದು ಸಣ್ಣ ಗೊಂದಲವನ್ನು ಮೊದಲೇ ಬಿಡಿಸಿಬಿಡುತ್ತೇನೆ. ಮದ್ದಿನ ತೂಕದ ಗ್ರಾಂ ಬೇರೆ, ಬ್ಯಾಕ್ಟೀರಿಯಾದ ಹೆಸರಿನ ಜೊತೆ ಬರುವ ಗ್ರಾಮ್ ಬೇರೆ. ಎರಡನೆಯದು 1884ರಲ್ಲಿ ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದಾಗ ಬಣ್ಣ ಹಾಕುವ ವಿಧಾನವೊಂದನ್ನು ಪ್ರಕಟಿಸಿದ ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಅವರ ಹೆಸರು. ನೇರಳೆ ಬಣ್ಣ ಹತ್ತಿಸಿ ಮದ್ಯಸಾರದಿಂದ ತೊಳೆದಾಗ ಬಣ್ಣ ಉಳಿಸಿಕೊಂಡವು ಗ್ರಾಮ್ ಪಾಸಿಟಿವ್. ಬಿಟ್ಟುಕೊಟ್ಟು, ಮುಂದೆ ಹಾಕುವ ಕೆಂಬಣ್ಣವನ್ನು ಹೀರಿ ಗುಲಾಬಿಯಾಗಿ ಕಾಣುವವು ಗ್ರಾಮ್ ನೆಗೆಟಿವ್. ಈ. ಕೋಲೈ, ಕ್ಲೆಬ್ಸಿಯೆಲ್ಲಾ, ಪ್ರೋಟಿಯಸ್, ಸ್ಯೂಡೊಮೊನಾಸ್ ಮುಂತಾದವು ಈ ಎರಡನೆಯ ಗುಂಪಿನವು. ಇವುಗಳ ಗೋಡೆ ತೆಳುವಾದರೂ ಅದರ ಹೊರಗೆ ಮತ್ತೊಂದು ಜಿಡ್ಡಿನ ಪೊರೆಯಿರುತ್ತದೆ. ಆ ಪೊರೆಯನ್ನು ದಾಟಲು ನೀರು ತುಂಬಿದ ಕಿರಿದಾದ ಕಿಂಡಿಗಳಷ್ಟೇ ದಾರಿ. ದಾಟಿ ಒಳಬಂದ ಪೆನಿಸಿಲಿನ್ನನ್ನು ಪೊರೆಗೂ ಗೋಡೆಗೂ ನಡುವಿನ ಜಾಗದಲ್ಲೇ ಕತ್ತರಿಸಿ ಹಾಕಲು ಬೀಟಾ ಲ್ಯಾಕ್ಟಮೇಸ್ ಎಂಬ ಕಿಣ್ವ ಕಾದು ಕುಳಿತಿರುತ್ತದೆ. ಅದನ್ನೂ ತಪ್ಪಿಸಿಕೊಂಡದ್ದನ್ನು ಹೊರದಬ್ಬುವ ಪಂಪುಗಳು ಬೇರೆ.

ಆದಿಯ ಪೆನಿಸಿಲಿನ್ ಈ ಗುಂಪಿನ ಬಹುಪಾಲು ಕ್ರಿಮಿಗಳ ಮುಂದೆ ಸೋತಿತ್ತು. ಅಲೆಕ್ಸಾಂಡರ್ ಫ್ಲೆಮಿಂಗ್ 1929ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಪೆನಿಸಿಲಿನ್ನಿಗೆ ಸೂಚಿಸಿದ್ದ ಒಂದು ಉಪಯೋಗವೇ ಇದಕ್ಕೆ ಸಾಕ್ಷಿ: ಪ್ರಯೋಗಾಲಯದ ತಟ್ಟೆಯಲ್ಲಿ ಉಳಿದ ಕ್ರಿಮಿಗಳನ್ನೆಲ್ಲ ಅಡಗಿಸಿ, ಪೆನಿಸಿಲಿನ್ನಿಗೆ ಜಗ್ಗದ ಇನ್‌ಫ್ಲುಯೆಂಜಾ ಬ್ಯಾಸಿಲಸ್ಸನ್ನು ಬೇರ್ಪಡಿಸಿಕೊಳ್ಳುವುದು. 1940ರಲ್ಲಿ, ಪೆನಿಸಿಲಿನ್ ಇನ್ನೂ ಚಿಕಿತ್ಸೆಯಾಗಿ ರೋಗಿಗಳ ಬಳಿಗೆ ಬರುವ ಮೊದಲೇ, ಆಕ್ಸ್‌ಫರ್ಡಿನ ಏಬ್ರಹಾಂ ಮತ್ತು ಚೈನ್ ಅವರು ಅದನ್ನು ನಾಶಮಾಡುವ ಕಿಣ್ವವನ್ನು ಈ. ಕೋಲೈನಲ್ಲಿ ಕಂಡು ವರದಿ ಮಾಡಿದ್ದರು. ಮದ್ದು ಹುಟ್ಟಿ ಅಂಗಳಕ್ಕೆ ಬರುವಷ್ಟರಲ್ಲಿ ಅದರ ಶತ್ರು ಒಳಮನೆಯಲ್ಲಿ ಕುಳಿತಾಗಿತ್ತು ಎನ್ನಬಹುದು.

ದಾರಿ ತೆರೆದದ್ದು ಅರೆಸಂಶ್ಲೇಷಿತ ಪೆನಿಸಿಲಿನ್‌ಗಳು. ಇಂಗ್ಲೆಂಡಿನ ಬ್ರಾಕ್‌ಹಾಂ ಪಾರ್ಕಿನಲ್ಲಿದ್ದ ಬೀಚಮ್ ಸಂಸ್ಥೆಯ ಪ್ರಯೋಗಾಲಯದವರು 1957ರಲ್ಲಿ ಪೆನಿಸಿಲಿನ್ನಿನ ತಿರುಳನ್ನು, ಅಂದರೆ 6-ಅಮೈನೊಪೆನಿಸಿಲಾನಿಕ್ ಆಮ್ಲವನ್ನು, ಪ್ರತ್ಯೇಕಿಸಿದರು. 1959ರಲ್ಲಿ ಅದನ್ನು ಪ್ರಕಟಿಸಿದರು. ತಿರುಳು ಬೂಷ್ಟಿನದು, ಅದಕ್ಕೆ ಜೋಡಿಸುವ ಬಾಲ ರಸಾಯನಶಾಸ್ತ್ರಜ್ಞನದು. 1961ರಲ್ಲಿ ಬಂದ ಆಂಪಿಸಿಲಿನ್ನಿನ ಬಾಲದಲ್ಲಿ ಒಂದು ಅಮೈನೊ ಗುಂಪನ್ನು ಸೇರಿಸಿದ್ದರಿಂದ ಅದು ಹೊರಪೊರೆಯ ಕಿಂಡಿಗಳಲ್ಲಿ ಸಲೀಸಾಗಿ ನುಸುಳಿತು, ಈ. ಕೋಲೈನಂಥ ಕ್ರಿಮಿಗಳ ಮೇಲೆ ನೆಚ್ಚಬಹುದಾದ ಮೊದಲ ಪೆನಿಸಿಲಿನ್ ಎಂಬ ಹೆಸರು ಪಡೆಯಿತು. ಅದರ ಸೋದರನಾದ ಅಮಾಕ್ಸಿಸಿಲಿನ್ 1972ರಲ್ಲಿ ಬಂತು. ಸ್ಯೂಡೊಮೊನಾಸ್ ಮಾತ್ರ ಇವೆರಡಕ್ಕೂ ಬಗ್ಗಲಿಲ್ಲ. ಅದಕ್ಕಾಗಿ 1967ರಲ್ಲಿ ಕಾರ್ಬೆನಿಸಿಲಿನ್ ಬಂತಾದರೂ, ದಿನಕ್ಕೆ 30 ಗ್ರಾಂಗೂ ಮೇಲ್ಪಟ್ಟು ಸುರಿಯಬೇಕಾಗುತ್ತಿತ್ತು. ಅದರ ಜೊತೆ ಹೋಗುವ ಸೋಡಿಯಂ ಹೃದಯ ಸೋತವರಿಗೆ ಹೊರೆಯಾಗುತ್ತಿತ್ತು. ಆಮೇಲೆ ಆಂಪಿಸಿಲಿನ್ನಿನ ಅದೇ ಅಮೈನೊ ಗುಂಪಿಗೆ ಉಂಗುರವುಳ್ಳ ಮತ್ತೊಂದು ಬಾಲ ಕಟ್ಟಿದಾಗ ದೊರೆತದ್ದು ಪಿಪರಾಸಿಲಿನ್. ಅದು 1980ರ ದಶಕದ ಆರಂಭದಲ್ಲಿ ಬಳಕೆಗೆ ಬಂತು. ಟ್ಯಾಜೊಬ್ಯಾಕ್ಟಮ್ ಜೊತೆಗಿನ ಜೋಡಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1993ರಲ್ಲಿ.

ಇತಿಹಾಸ ಸಾಕು. ಮದ್ದು ಕೈಗೆ ಬಂದಾಗ ಹೇಗಿರುತ್ತದೆ ಎಂಬುದನ್ನು ನೋಡೋಣ.

ವಯಲ್‌ನ ತಳದಲ್ಲಿ ಸುಮಾರು ಎರಡು ಬೆರಳಿನಷ್ಟು ಬಿಳಿ ಪುಡಿ ಗಟ್ಟಿಯಾಗಿ ಕೂತಿರುತ್ತದೆ. ಅದಕ್ಕೆ 20 ಮಿಲೀ ಶುದ್ಧ ನೀರನ್ನು ಹಾಕಿದರೆ ತಕ್ಷಣ ಕರಗುವುದಿಲ್ಲ. ನಮ್ಮ ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರು ವಯಲ್ಲನ್ನು ಅಂಗೈಗಳ ನಡುವೆ ಇಟ್ಟು ಕಡೆಗೋಲಿನಂತೆ ನಿಧಾನವಾಗಿ ಹೊರಳಿಸುತ್ತಾರೆ. ಹೊಸದಾಗಿ ಸೇರಿದವರು ಜೋರಾಗಿ ಕುಲುಕಿ, ನೊರೆ ಎಬ್ಬಿಸಿಕೊಂಡು, ಆ ನೊರೆ ಇಳಿಯುವವರೆಗೆ ಸಿರಿಂಜಿನಲ್ಲಿ ಗಾಳಿ ಎಳೆಯುತ್ತಾ ನಿಲ್ಲುತ್ತಾರೆ. ಕೆಲವು ತಯಾರಕರ ಪುಡಿ ಎರಡೇ ನಿಮಿಷದಲ್ಲಿ ತಿಳಿನೀರಾಗುತ್ತದೆ, ಕೆಲವರದು ಐದಾರು ನಿಮಿಷ ಕಾಡುತ್ತದೆ. ಇಪ್ಪತ್ತು ರೋಗಿಗಳಿರುವ ರಾತ್ರಿಪಾಳಿಯಲ್ಲಿ ಈ ನಾಲ್ಕು ನಿಮಿಷದ ವ್ಯತ್ಯಾಸ ಸಣ್ಣದಲ್ಲ. ಕರಗಿದ್ದು ತಿಳಿಯಾಗಿರಬೇಕು; ಕಣಗಳು ತೇಲುತ್ತಿದ್ದರೆ ಅಥವಾ ಬಣ್ಣ ಕೆಟ್ಟಿದ್ದರೆ ಬಳಸಬಾರದು.

ಕರಗಿಸಿದ್ದನ್ನು 100 ಮಿಲೀ ನಾರ್ಮಲ್ ಸಲೈನಿಗೆ ಸೇರಿಸಿ ಅರ್ಧ ಗಂಟೆಯಲ್ಲಿ ಹಾಯಿಸುವುದು ಹಳೆಯ ರೂಢಿ. ಪೆನಿಸಿಲಿನ್ನುಗಳ ವರಸೆಯೆಂದರೆ, ರಕ್ತದಲ್ಲಿ ಎಷ್ಟು ಎತ್ತರಕ್ಕೆ ಏರಿದವು ಎಂಬುದಕ್ಕಿಂತ, ಕ್ರಿಮಿಯನ್ನು ತಡೆಯಲು ಬೇಕಾದ ಮಟ್ಟದ ಮೇಲೆ ಎಷ್ಟು ಹೊತ್ತು ನಿಂತವು ಎಂಬುದೇ ಮುಖ್ಯ. ಪಿಪರಾಸಿಲಿನ್ ರಕ್ತದಲ್ಲಿ ಒಂದು ಗಂಟೆಯ ಆಸುಪಾಸಿನಲ್ಲೇ ಅರ್ಧಕ್ಕಿಳಿಯುವುದರಿಂದ, ಅರ್ಧ ಗಂಟೆಯಲ್ಲಿ ಸುರಿದು ಎಂಟು ಗಂಟೆ ಕಾಯುವುದಕ್ಕಿಂತ ಅದೇ ಪ್ರಮಾಣವನ್ನು ನಾಲ್ಕು ಗಂಟೆಗಳ ಕಾಲ ತೊಟ್ಟಿಕ್ಕಿಸುವುದು ಸಮಂಜಸ. ಪಂಪ್ ಇಲ್ಲದ ವಾರ್ಡಿನಲ್ಲಿಯೂ ಇದು ಸಾಧ್ಯ: ಒಟ್ಟು 120 ಮಿಲೀ ದ್ರಾವಣವನ್ನು, ಒಂದು ಮಿಲೀಗೆ 60 ಹನಿ ಬೀಳುವ ಮೈಕ್ರೊ ಡ್ರಿಪ್ ಸೆಟ್ಟಿನಲ್ಲಿ ನಿಮಿಷಕ್ಕೆ 30 ಹನಿಯಂತೆ ಬಿಟ್ಟರೆ ಸರಿಯಾಗಿ ನಾಲ್ಕು ಗಂಟೆಯಾಗುತ್ತದೆ.

ಆದರೆ ಇಲ್ಲಿಯೇ ಒಂದು ಸೋರಿಕೆಯಿದೆ, ಅದನ್ನು ನಾನು ಬಹಳ ತಡವಾಗಿ ಗಮನಿಸಿದೆ. ಬಾಟಲಿ ಬರಿದಾದ ಕೂಡಲೇ ಸೆಟ್ಟನ್ನು ಕಳಚಿ ಎಸೆಯುವುದು ನಮ್ಮಲ್ಲಿ ರೂಢಿಯಾಗಿತ್ತು. ಆ ನಳಿಕೆಯೊಳಗೆ ಸುಮಾರು 15 ಮಿಲೀ ದ್ರಾವಣ ಉಳಿದಿರುತ್ತದೆಯೆಂದರೆ, 120ರಲ್ಲಿ ಎಂಟನೆಯ ಒಂದು ಭಾಗ, ಅಂದರೆ ಅರ್ಧ ಗ್ರಾಂಗೂ ಹೆಚ್ಚು ಮದ್ದು ಪ್ರತಿ ಸಲವೂ ಕಸದ ಡಬ್ಬಿಗೆ ಹೋಗುತ್ತಿತ್ತು. ದಿನಕ್ಕೆ ನಾಲ್ಕು ಡೋಸ್ ಕೊಡುವ ರೋಗಿಗೆ ಎರಡು ದಿನಕ್ಕೆ ಒಂದು ಇಡೀ ವಯಲ್ ಕೊಟ್ಟೂ ಕೊಡದಂತೆ. ಈಗ ಕೊನೆಯಲ್ಲಿ ಸ್ವಲ್ಪ ಸಲೈನ್ ಹಾಯಿಸಿ ನಳಿಕೆಯನ್ನು ತೊಳೆಯುತ್ತೇವೆ. ಮದ್ದಿನ ವೈಫಲ್ಯ ಎಂದು ಬರೆದಿಟ್ಟ ಹಳೆಯ ಕೇಸುಗಳಲ್ಲಿ ಎಷ್ಟು ನಳಿಕೆಯ ವೈಫಲ್ಯವೋ ಬಲ್ಲವರಾರು.

ನಿರಂತರವಾಗಿ ಹಾಯಿಸುವ ಕ್ರಮದ ಬಗ್ಗೆ 2024ರಲ್ಲಿ ಬ್ಲಿಂಗ್-3 ಎಂಬ ದೊಡ್ಡ ಅಧ್ಯಯನ ಪ್ರಕಟವಾಯಿತು. ತೀವ್ರ ನಿಗಾ ಘಟಕದ 7,000ಕ್ಕೂ ಹೆಚ್ಚು ರೋಗಿಗಳಲ್ಲಿ, ಪಿಪ್‌ಟಾಜ್ ಅಥವಾ ಮೆರೊಪೆನೆಮ್ ಎಂಬ ಮತ್ತೊಂದು ಪ್ರತಿಜೀವಕವನ್ನು ನಿರಂತರವಾಗಿ ಪಡೆದವರಲ್ಲಿ 90 ದಿನಗಳೊಳಗಿನ ಮರಣ ಶೇ 24.9, ಬಿಡಿಬಿಡಿಯಾಗಿ ಪಡೆದವರಲ್ಲಿ ಶೇ 26.8. ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನಲ್ಲಿ ಈ ಅಂತರ ಖಚಿತವೆನ್ನಿಸಿಕೊಳ್ಳಲಿಲ್ಲ. ಹಿಂದಿನ ಅಧ್ಯಯನಗಳ ಜೊತೆ ಕೂಡಿಸಿ ನೋಡಿದಾಗ ನಿರಂತರ ಕ್ರಮದ ಪರವಾಗಿಯೇ ತೂಕ ಬಿತ್ತು. ಖರ್ಚಿಲ್ಲದ ಬದಲಾವಣೆಯಾದ್ದರಿಂದ ನಾನು ಹೆಚ್ಚು ಯೋಚಿಸದೆ ನಾಲ್ಕು ಗಂಟೆಯ ಪಕ್ಷಕ್ಕೆ ಸೇರಿಕೊಂಡಿದ್ದೇನೆ. ಇದರ ಅನನುಕೂಲವೂ ಇದೆ: ರೋಗಿಯ ಒಂದು ರಕ್ತನಾಳ ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಈ ಮದ್ದಿಗೇ ಮೀಸಲಾಗುತ್ತದೆ. ಜೆಂಟಮೈಸಿನ್, ಅಮಿಕಾಸಿನ್‌ಗಳನ್ನು ಇದರೊಂದಿಗೆ ಒಂದೇ ಬಾಟಲಿಯಲ್ಲಿ ಬೆರೆಸಬಾರದು, ಅವುಗಳ ಶಕ್ತಿ ಕುಂದುತ್ತದೆ. ರಿಂಗರ್ ಲ್ಯಾಕ್ಟೇಟ್ ಹೊಂದುತ್ತದೆಯೋ ಇಲ್ಲವೋ ಎಂಬುದು ತಯಾರಿಕೆಯ ಮೇಲೆ ನಿಂತಿದೆ. ಪೊಟ್ಟಣದೊಳಗಿನ ಚೀಟಿ ನೋಡದೆ ಸೇರಿಸಬಾರದು.

ಇನ್ನು ಮುಖ್ಯ ಪ್ರಶ್ನೆ, ಕೊಲ್ಲುವ ಶಕ್ತಿ. ಇದರ ಹರವು ನಿಜಕ್ಕೂ ದೊಡ್ಡದು. ಸ್ಯೂಡೊಮೊನಾಸ್, ಕರುಳಿನ ಗ್ರಾಮ್ ನೆಗೆಟಿವ್‌ಗಳು, ಎಂಟರೊಕಾಕಸ್ ಫೀಕಾಲಿಸ್, ಜೊತೆಗೆ ಆಮ್ಲಜನಕ ಬೇಡದ ಬ್ಯಾಕ್ಟೀರಾಯ್ಡಿಸ್‌ಗಳು ಒಂದೇ ಬಾಟಲಿಯಲ್ಲಿ ಅಡಗುತ್ತವೆ. ಹೊಟ್ಟೆಯೊಳಗಿನ ಸೋಂಕಿಗೆ, ಸಕ್ಕರೆ ಕಾಯಿಲೆಯವರ ಕೊಳೆತ ಕಾಲಿಗೆ, ಕೀಮೊಥೆರಪಿಯಿಂದ ಬಿಳಿರಕ್ತಕಣ ಕುಸಿದು ಜ್ವರ ಬಂದವರಿಗೆ ಇದು ಈಗಲೂ ಗಟ್ಟಿಯಾದ ಆಯ್ಕೆಯೇ. ಹೀಗಿದ್ದರೂ ಪಿಪ್‌ಟಾಜ್ ಜೊತೆ, ಆಮ್ಲಜನಕ ಬೇಡದ ಕ್ರಿಮಿಗಳಿಗೆ ಕೊಡುವ ಮೆಟ್ರೊನಿಡಜೋಲ್ ಬಾಟಲಿಯನ್ನೂ ತೂಗುಹಾಕುವ ಅಭ್ಯಾಸ ನಮ್ಮ ಕಡೆ ಹೋಗಿಲ್ಲ. ಬಹುತೇಕ ಸಂದರ್ಭಗಳಲ್ಲಿ ಅದು ಅನಗತ್ಯ. ರೋಗಿಗೆ ಸಿಗುವುದು ಬಾಯಲ್ಲಿ ಲೋಹದ ರುಚಿ ಮತ್ತು ಬಿಲ್ಲಿನಲ್ಲಿ ಇನ್ನೊಂದು ಸಾಲು, ಅಷ್ಟೇ. ಮಿದುಳು ಪೊರೆಯ ಸೋಂಕಿಗೆ ಮಾತ್ರ ಇದನ್ನು ನೆಚ್ಚುವಂತಿಲ್ಲ, ಬೇಕಾದಷ್ಟು ಅಲ್ಲಿಗೆ ತಲುಪುವುದಿಲ್ಲ. ಮೆಥಿಸಿಲಿನ್ನಿಗೆ ಬಗ್ಗದ ಸ್ಟ್ಯಾಫಿಲೊಕಾಕಸ್ಸಿಗೂ ಇದು ಸಲ್ಲದು.

ಆದರೆ ಕಾವಲುಗಾರನ ಬಲ ಎಷ್ಟೋ ಮದ್ದಿನ ಬಲವೂ ಅಷ್ಟೇ. ಟ್ಯಾಜೊಬ್ಯಾಕ್ಟಮ್ ಹಳೆಯ ಟೆಮ್, ಎಸ್‌ಎಚ್‌ವಿ ಮೊದಲಾದ ಬೀಟಾ ಲ್ಯಾಕ್ಟಮೇಸ್ ಕಿಣ್ವಗಳನ್ನು ಚೆನ್ನಾಗಿ ಕಟ್ಟಿಹಾಕುತ್ತದೆ. ಇಎಸ್‌ಬಿಎಲ್ ಎಂದು ಕರೆಯುವ ವಿಸ್ತೃತ ಶಕ್ತಿಯ ಕಿಣ್ವಗಳನ್ನು ಪ್ರಯೋಗಾಲಯದಲ್ಲಿ ತಡೆದಂತೆ ಕಾಣುತ್ತದೆ. ಆಂಪ್-ಸಿ ಕಿಣ್ವದ ಮುಂದೆ ತಡವರಿಸುತ್ತದೆ. ಸತುವನ್ನು ಆಧರಿಸಿ ಕೆಲಸ ಮಾಡುವ ಎನ್‌ಡಿಎಂನ ಮುಂದೆ ಕೈಚೆಲ್ಲುತ್ತದೆ. ಇಎಸ್‌ಬಿಎಲ್ ವಿಷಯದಲ್ಲಿ "ತಡೆದಂತೆ ಕಾಣುತ್ತದೆ" ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. 2018ರಲ್ಲಿ ಪ್ರಕಟವಾದ ಮೆರಿನೊ ಅಧ್ಯಯನದಲ್ಲಿ, ಸೆಫ್ಟ್ರಿಯಾಕ್ಸೋನ್ ಎಂಬ ಪ್ರತಿಜೀವಕಕ್ಕೆ ಬಗ್ಗದ ಈ. ಕೋಲೈ ಅಥವಾ ಕ್ಲೆಬ್ಸಿಯೆಲ್ಲಾ ರಕ್ತಕ್ಕೆ ಸೇರಿದ ರೋಗಿಗಳನ್ನು ಎರಡು ಗುಂಪು ಮಾಡಿದರು. ಪರೀಕ್ಷೆಯಲ್ಲಿ ಆ ಕ್ರಿಮಿಗಳು ಪಿಪ್‌ಟಾಜ್‌ಗೆ ಬಗ್ಗುತ್ತವೆ ಎಂದೇ ಬಂದಿತ್ತು. ಹಾಗಿದ್ದರೂ ಪಿಪ್‌ಟಾಜ್ ಪಡೆದವರಲ್ಲಿ 30 ದಿನಗಳೊಳಗೆ ಶೇ 12.3 ಮಂದಿ ತೀರಿಕೊಂಡರು, ಮೆರೊಪೆನೆಮ್ ಪಡೆದವರಲ್ಲಿ ಶೇ 3.7 ಮಂದಿ. ಕ್ರಿಮಿಗಳನ್ನು ಮುಂದೆ ಹೆಚ್ಚು ನಿಖರವಾದ ವಿಧಾನದಿಂದ ಮರುಪರೀಕ್ಷಿಸಿದಾಗ ಕೆಲವು ಮೊದಲಿಗೇ ನಿರೋಧಕವಾಗಿದ್ದವೆಂದು ತಿಳಿದು ಅಂತರ ಕುಗ್ಗಿತು. ಆದರೆ ಅದರಿಂದ ನನಗೆ ಸಮಾಧಾನವಾಗುವುದಿಲ್ಲ, ಚಿಂತೆ ಹೆಚ್ಚುತ್ತದೆ: ಕ್ರಿಮಿ ಮದ್ದಿಗೆ ಬಗ್ಗುತ್ತದೆ ಎಂದು ಸೂಚಿಸಲು ನಮ್ಮ ಪ್ರಯೋಗಾಲಯ ಬರೆದುಕೊಡುವ "ಎಸ್" ಅಕ್ಷರವೂ ಅಷ್ಟೇ ಅಳ್ಳಕವಾಗಿರಬಹುದಲ್ಲ? 2022ರಲ್ಲಿ, ಇಂಥ ಪರೀಕ್ಷೆಗಳಿಗೆ ಮಾನದಂಡ ನಿಗದಿಪಡಿಸುವ ಅಮೆರಿಕದ ಸಿಎಲ್‌ಎಸ್‌ಐ ಸಂಸ್ಥೆ ಕರುಳಿನ ಗ್ರಾಮ್ ನೆಗೆಟಿವ್‌ಗಳಿಗೆ ಈ "ಎಸ್"ನ ಗೆರೆಯನ್ನು, ಅಂದರೆ ಕ್ರಿಮಿಯನ್ನು ತಡೆಯಲು ಬೇಕಾದ ಮದ್ದಿನ ಮಟ್ಟದ ಮಿತಿಯನ್ನು, ಮಿಲೀಗೆ 16 ಮೈಕ್ರೊಗ್ರಾಂನಿಂದ 8ಕ್ಕೆ ಇಳಿಸಿ, 16 ಬಂದರೆ ಹೆಚ್ಚು ಹೊತ್ತು ಹಾಯಿಸುವ ಕ್ರಮ ಬೇಕು ಎಂದು ಬೇರೆ ವರ್ಗವನ್ನೇ ಮಾಡಿತು. ನಿಮ್ಮ ಲ್ಯಾಬ್ ಯಾವ ವರ್ಷದ ಗೆರೆ ಬಳಸುತ್ತಿದೆ ಎಂದು ಒಮ್ಮೆ ಕೇಳಿ ನೋಡುವುದು ಒಳ್ಳೆಯದು.

ಸೆಫ್ಟ್ರಿಯಾಕ್ಸೋನ್ ನಿರೋಧಕತೆ ನಮ್ಮ ದೇಶದ ಆಸ್ಪತ್ರೆಗಳಲ್ಲಿ ವಿರಳ ಸಂಗತಿಯೇನಲ್ಲ. ಆದ್ದರಿಂದ ರಕ್ತದಲ್ಲೇ ಕ್ರಿಮಿ ಸಿಕ್ಕಾಗ, ಅದು ಸೆಫ್ಟ್ರಿಯಾಕ್ಸೋನಿಗೆ ಬಗ್ಗದಿದ್ದಾಗ, ಪಿಪ್‌ಟಾಜ್ ಮುಂದುವರಿಸುವುದನ್ನು ನಾನು ನಿಲ್ಲಿಸಿದ್ದೇನೆ. ಮೂತ್ರನಾಳಕ್ಕೆ ಸೀಮಿತವಾದ ಸೋಂಕಿನ ಮಾತು ಬೇರೆ. ಅಲ್ಲಿ ಮದ್ದು ಮೂತ್ರದಲ್ಲಿ ದಟ್ಟವಾಗಿ ಸೇರುತ್ತದೆ, ರೋಗಿ ಗುಣಮುಖರಾಗುತ್ತಿದ್ದರೆ ಬದಲಿಸುವ ಅವಸರವಿಲ್ಲ. ಇಂಥ ಕಡೆ ಉಪಯೋಗಕ್ಕೆ ಬರುವ ಮತ್ತೊಂದು ಅರೆಸಂಶ್ಲೇಷಿತ ಪೆನಿಸಿಲಿನ್ ಟೆಮೊಸಿಲಿನ್. ಅದರ ತಿರುಳಿನಲ್ಲೇ ಒಂದು ಮೆಥಾಕ್ಸಿ ಗುಂಪು ಇರುವುದರಿಂದ ಇಎಸ್‌ಬಿಎಲ್, ಆಂಪ್-ಸಿ ಎರಡನ್ನೂ ಕಾವಲುಗಾರನಿಲ್ಲದೆ ಎದುರಿಸುತ್ತದೆ, ಸ್ಯೂಡೊಮೊನಾಸ್‌ ಮೇಲೆ ಮಾತ್ರ ಏನೂ ನಡೆಯದು. ಬ್ರಿಟನ್ನಿನಲ್ಲೂ ಬೆಲ್ಜಿಯಂನಲ್ಲೂ ಬಳಸುತ್ತಾರೆ. ನನ್ನ ಕೈಗೆ ಅದು ಈವರೆಗೆ ಬಂದಿಲ್ಲ.

ನಮ್ಮ ಕರಾವಳಿಯವರು ಮರೆಯಬಾರದ ಒಂದು ಸಂಗತಿಯಿದೆ. ಕೆಲವು ಮಳೆಗಾಲಗಳ ಹಿಂದೆ, ಗದ್ದೆ ಕೆಲಸದ, ಸಕ್ಕರೆ ಕಾಯಿಲೆಯಿದ್ದ ಐವತ್ತರ ಆಸುಪಾಸಿನ ಒಬ್ಬರು ಎರಡು ವಾರದ ಜ್ವರ ಹೊತ್ತು ಬಂದರು. ರಕ್ತದ ಕಲ್ಚರ್ (ಕ್ರಿಮಿಯನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ಹೊರಗಿನ ಒಂದು ಲ್ಯಾಬಿಗೆ ಹೋಯಿತು. "ಸ್ಯೂಡೊಮೊನಾಸ್ ಪ್ರಭೇದ, ಪಿಪ್‌ಟಾಜ್‌ಗೆ ಬಗ್ಗುತ್ತದೆ" ಎಂದು ವರದಿ ಬಂತು. ಐದು ದಿನ ಕೊಟ್ಟರೂ ಸಂಜೆಯ ಜ್ವರ ಇಳಿಯಲಿಲ್ಲ. ವರದಿಯನ್ನು ಮತ್ತೊಮ್ಮೆ ಎದುರಿಗಿಟ್ಟುಕೊಂಡು ಓದಿದಾಗ ಕಣ್ಣಿಗೆ ಬಿದ್ದದ್ದು ಒಂದು ವಿಚಿತ್ರ ಹೊಂದಾಣಿಕೆ: ಜೆಂಟಮೈಸಿನ್ ನಿರೋಧಕ, ಕೊಲಿಸ್ಟಿನ್ ನಿರೋಧಕ, ಆದರೆ ಅಮಾಕ್ಸಿಕ್ಲಾವ್‌ಗೆ ಬಗ್ಗುತ್ತದೆ. ಸ್ಯೂಡೊಮೊನಾಸ್ ಎಂದೂ ಅಮಾಕ್ಸಿಕ್ಲಾವ್‌ಗೆ ಹೀಗೆ ತಲೆಬಾಗುವುದಿಲ್ಲ. ಅದು ಮೆಲಿಯಾಯ್ಡೋಸಿಸ್ ತರುವ ಬರ್ಖೋಲ್ಡೇರಿಯಾ ಸ್ಯೂಡೊಮಲ್ಲೈ ಆಗಿತ್ತು. ಉಡುಪಿ, ದಕ್ಷಿಣ ಕನ್ನಡಗಳ ಕೆಸರು ಮಣ್ಣಿನಿಂದ ಮಳೆಗಾಲದಲ್ಲಿ ಏಳುವ ಇದನ್ನು ಮಣಿಪಾಲದ ವೈದ್ಯರು ವರ್ಷಗಳಿಂದ ದಾಖಲಿಸುತ್ತಾ ಬಂದಿದ್ದಾರೆ. ಇದಕ್ಕೆ ಕೊಡಬೇಕಾದದ್ದು ಸೆಫ್ಟಾಜಿಡೈಮ್ ಅಥವಾ ಮೆರೊಪೆನೆಮ್, ಆಮೇಲೆ ತಿಂಗಳುಗಟ್ಟಲೆ ಕೋಟ್ರೈಮಾಕ್ಸಜೋಲ್ ಮಾತ್ರೆ. ಕಾಗದದ ಮೇಲೆ ಪಿಪ್‌ಟಾಜ್‌ಗೆ ಬಗ್ಗುವಂತೆ ಕಂಡರೂ ಚಿಕಿತ್ಸೆಗೆ ಅದನ್ನು ಆರಿಸುವಂತಿಲ್ಲ. ಆ ರೋಗಿ ಉಳಿದರು, ಆದರೆ ಆ ಐದು ದಿನಗಳ ಲೆಕ್ಕ ನನ್ನ ಹೆಸರಿನಲ್ಲೇ ಇದೆ. ಲ್ಯಾಬ್ ತಪ್ಪು ಬರೆದಿತ್ತು, ನಾನು ಪೂರ್ತಿ ಓದಿರಲಿಲ್ಲ.

ಅಡ್ಡಪರಿಣಾಮಗಳ ವಿಷಯದಲ್ಲಿ ಇದು ಮೃದು ಸ್ವಭಾವದ ಮದ್ದೇ. ಪೆನಿಸಿಲಿನ್ ಅಲರ್ಜಿಯ ಹಿನ್ನೆಲೆಯನ್ನು ಬಾಯಿಬಿಟ್ಟು ಕೇಳಲೇಬೇಕು; ಚರ್ಮದಡಿ ಒಂದು ಹನಿ ಚುಚ್ಚಿ ಕೆಂಪಾಗಲಿಲ್ಲವೆಂದು ಬರೆದಿಡುವ ಟೆಸ್ಟ್ ಡೋಸ್ ಆ ಪ್ರಶ್ನೆಗೆ ಬದಲಿಯಲ್ಲ. ಭೇದಿ ಸಾಮಾನ್ಯ. ಹತ್ತು ಹದಿನೈದು ದಿನ ದಾಟಿದರೆ ಬಿಳಿರಕ್ತಕಣ, ಪ್ಲೇಟ್‌ಲೆಟ್ ಇಳಿಯುವುದುಂಟು, ಪೊಟ್ಯಾಸಿಯಂ ಕುಸಿಯುವುದುಂಟು. ಒಂದು ವಯಲ್‌ನಲ್ಲಿ 200 ಮಿಲಿಗ್ರಾಂಗೂ ಹೆಚ್ಚು ಸೋಡಿಯಂ ಇರುವುದರಿಂದ, ಊಟದಲ್ಲಿ ಉಪ್ಪಿನಕಾಯಿ ಬೇಡವೆಂದು ಗದರಿಸಿದ ಹೃದ್ರೋಗಿಗೆ ನಾವೇ ರಕ್ತನಾಳದ ಮೂಲಕ ಉಪ್ಪು ಬಡಿಸುತ್ತಿರುತ್ತೇವೆ. ಮೂತ್ರಪಿಂಡ ಸೋತವರಲ್ಲಿ ಪ್ರಮಾಣ ಇಳಿಸಬೇಕು. ವ್ಯಾಂಕೊಮೈಸಿನ್ ಜೊತೆ ಕೊಟ್ಟಾಗ, ಮೂತ್ರಪಿಂಡದ ಕೆಲಸವನ್ನು ಅಳೆಯಲು ರಕ್ತದಲ್ಲಿ ನೋಡುವ ಕ್ರಿಯಾಟಿನಿನ್ ಏರುವುದನ್ನು ಎಲ್ಲರೂ ಕಂಡಿದ್ದೇವೆ. ಅದರಲ್ಲಿ ನಿಜವಾದ ಹಾನಿ ಎಷ್ಟು, ಕ್ರಿಯಾಟಿನಿನ್ ಹೊರಹೋಗುವ ದಾರಿಗೆ ಮದ್ದು ಅಡ್ಡ ನಿಂತದ್ದೆಷ್ಟು ಎಂಬ ಚರ್ಚೆ ನಡೆದೇ ಇದೆ. 2023ರ ಏಕಾರ್ನ್ ಅಧ್ಯಯನದಲ್ಲಿ ಸೆಫಿಪೈಮ್ ಪಡೆದವರಿಗೆ ಹೋಲಿಸಿದರೆ ಪಿಪ್‌ಟಾಜ್‌ನಿಂದ ಮೂತ್ರಪಿಂಡಕ್ಕೆ ಹೆಚ್ಚಿನ ಪೆಟ್ಟು ಬಿದ್ದದ್ದು ಕಾಣಲಿಲ್ಲ.

ಬೆಲೆಯ ಮಾತು. ಪೇಟೆಂಟ್ ಮುಗಿದು ಬಹಳ ಕಾಲವಾಗಿರುವ ಈ ಮದ್ದು ಜನೌಷಧಿ ಕೇಂದ್ರಗಳಲ್ಲಿಯೂ ಸಿಗುತ್ತದೆ, ಹೆಸರಾಂತ ಕಂಪನಿಗಳ ಮೊಹರಿನಲ್ಲಿಯೂ ಸಿಗುತ್ತದೆ. ಒಂದೇ ರಸ್ತೆಯ ಎರಡು ಅಂಗಡಿಗಳ ಬಿಲ್ಲಿನಲ್ಲಿ ಒಂದಕ್ಕೆರಡು ವ್ಯತ್ಯಾಸ ಕಂಡಿದ್ದೇನೆ. ರೋಗಿಗಳು ಚೇತರಿಸಿಕೊಂಡ ರೀತಿಯಲ್ಲಿ ಆ ವ್ಯತ್ಯಾಸ ಕಂಡಿಲ್ಲ. ಪೂರೈಕೆಯ ಸೂಕ್ಷ್ಮತೆ ಮಾತ್ರ ಹೆದರಿಸುವಂಥದ್ದು: 2016ರಲ್ಲಿ ಚೀನಾದ ಒಂದೇ ಕಾರ್ಖಾನೆಯಲ್ಲಿ ಸ್ಫೋಟವಾದಾಗ ಮರುವರ್ಷ ಯುರೋಪಿನ ಆಸ್ಪತ್ರೆಗಳೂ ಈ ವಯಲ್‌ಗಾಗಿ ಪರದಾಡಿದ್ದವು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಪ್ರತಿಜೀವಕಗಳನ್ನು ಮೂರು ಗುಂಪು ಮಾಡಿದಾಗ ಆಂಪಿಸಿಲಿನ್, ಅಮಾಕ್ಸಿಸಿಲಿನ್‌ಗಳನ್ನು ಮುಕ್ತ ಬಳಕೆಯ ಗುಂಪಿಗೆ ಸೇರಿಸಿ, ಪಿಪ್‌ಟಾಜನ್ನು ಕಣ್ಣಿಟ್ಟು ಬಳಸಬೇಕಾದ ಗುಂಪಿನಲ್ಲಿ ಇರಿಸಿತು. ನಮ್ಮ ವಾರ್ಡುಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ, ಆಂಪಿಸಿಲಿನ್ ಬರೆದರೆ ಕಿರಿಯ ವೈದ್ಯರು "ಸರ್, ಇನ್ನೂ ಇದು ಬರುತ್ತದೆಯೇ?" ಎನ್ನುತ್ತಾರೆ.

ಬರುತ್ತದೆ. ಕಳೆದ ತಿಂಗಳು ಕ್ಯಾತಿಟರ್ ಹಾಕಿಸಿಕೊಂಡಿದ್ದ ಎಪ್ಪತ್ತೆರಡರ ಅಜ್ಜರೊಬ್ಬರು ಚಳಿಜ್ವರದಿಂದ, ರಕ್ತದೊತ್ತಡ ಇಳಿದು, ರಾತ್ರಿ ಹನ್ನೊಂದಕ್ಕೆ ಬಂದರು. ಆ ಹೊತ್ತಿಗೆ ನಾನೂ ಪಿಪ್‌ಟಾಜನ್ನೇ ಬರೆದೆ, ಮೊದಲ ಡೋಸ್ ಅರ್ಧ ಗಂಟೆಯಲ್ಲಿ, ಮುಂದಿನವು ನಾಲ್ಕು ಗಂಟೆಯಂತೆ. ಅದಕ್ಕೂ ಮುನ್ನ ರಕ್ತ, ಮೂತ್ರ ಕಲ್ಚರಿಗೆ ಹೋಗಿತ್ತು. ಮೂರನೆಯ ದಿನ ಬೆಳಿಗ್ಗೆ ಜ್ವರ ಇಳಿದಿತ್ತು, ವರದಿಯೂ ಬಂತು: ಮೂತ್ರದಲ್ಲಿ ಪ್ರೋಟಿಯಸ್ ಮಿರಾಬಿಲಿಸ್, ಆಂಪಿಸಿಲಿನ್ನಿಗೆ ಬಗ್ಗುತ್ತದೆ, ರಕ್ತದಲ್ಲಿ ಏನೂ ಬೆಳೆದಿಲ್ಲ. ಪಿಪ್‌ಟಾಜ್ ನಿಲ್ಲಿಸಿ ಆಂಪಿಸಿಲಿನ್ ಬರೆದು, ಒಡೆಯದೆ ಉಳಿದ ಆರು ವಯಲ್‌ಗಳನ್ನು ಅಂಗಡಿಗೆ ಹಿಂದಿರುಗಿಸುವಂತೆ ಮಗನಿಗೆ ಹೇಳಿದೆ. ಅವರು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಡಾಕ್ಟ್ರೇ, ದುಡ್ಡಿನದ್ದು ಏನೂ ತೊಂದರೆಯಿಲ್ಲ, ಅಪ್ಪನಿಗೆ ಆ ದೊಡ್ಡ ಮದ್ದೇ ಇರಲಿ" ಎಂದರು. ವರದಿಯನ್ನು ಅವರ ಮುಂದೆ ಹಿಡಿದು, ಪ್ರೋಟಿಯಸ್ಸಿನ ಎದುರಿಗಿದ್ದ ಮೊದಲ ಸಾಲಿನ "ಎಸ್" ಮೇಲೆ ಬೆರಳಿಟ್ಟು ವಿವರಿಸಲು ಹತ್ತು ನಿಮಿಷ ಹಿಡಿಯಿತು. ಅಜ್ಜ ಐದನೆಯ ದಿನ ಮಾತ್ರೆಯ ಮೇಲೆ ಮನೆಗೆ ಹೋದರು.